ಭರತೇಶ ವೈಭವ: ಓಲಗದ ಅರಸ, ಅಂತಃಪುರದ ಯೋಗಿ

16ನೆಯ ಶತಮಾನದ ನಡುಭಾಗದಲ್ಲಿ ರತ್ನಾಕರವರ್ಣಿ ರಚಿಸಿದ ‘ಭರತೇಶ ವೈಭವ’ ಆದಿತೀರ್ಥಂಕರ ವೃಷಭನಾಥನ ಹಿರಿಯ ಮಗ ಭರತ ಚಕ್ರವರ್ತಿಯ ದೀರ್ಘ ಆಳ್ವಿಕೆಯ ಕಥೆ. ಕವಿ ಮೂಡುಬಿದಿರೆಯವನು, ಕಾರ್ಕಳದ ಭೈರರಸರ ಆಸ್ಥಾನದಲ್ಲಿದ್ದನೆಂದು ಪ್ರತೀತಿ. ಭೋಗ, ದಿಗ್ವಿಜಯ, ಯೋಗ, ಮೋಕ್ಷ, ಅರ್ಕಕೀರ್ತಿ ಎಂಬ ಐದು ವಿಜಯಗಳಲ್ಲಿ ಸುಮಾರು 10,000 ಸಾಂಗತ್ಯ ಪದ್ಯಗಳಿವೆ.

ಕಾವ್ಯದ ಸತ್ತ್ವವಿರುವುದು ಭೋಗವಿಜಯದಲ್ಲಿ. ಪುರಾಣಕಾರರು ಬದಿಗಿಟ್ಟಿದ್ದ ಅರಸನ ದಿನಚರಿಯೇ ಇಲ್ಲಿ ಕಥಾವಸ್ತು. ಆಸ್ಥಾನ ಸಂಧಿಯಲ್ಲಿ ಸಿಂಹಾಸನದ ಮೇಲೆ ಕಾಣುವ ಭರತ, ಮುನಿಭುಕ್ತಿ ಸಂಧಿಯಲ್ಲಿ ಮುನಿಗಳ ದಾರಿ ಕಾಯುವ ಗೃಹಸ್ಥ. ಅವರಿಗೆ ಆಹಾರದಾನವಾದ ಮೇಲೆಯೇ ರಾಜಭುಕ್ತಿ, ಅಂದರೆ ರಾಣಿಯರ ನಡುವೆ ಅವನ ಊಟ. ರಾಣಿ ಕುಸುಮಾಜಿ ತನ್ನ ಗಿಳಿಯೊಡನೆ ಗಂಡನ ಬಗ್ಗೆ ಆಡಿಕೊಂಡ ಮಾತು ಕಾವ್ಯವಾಗಿ ಅವನೆದುರೇ ಓದಿಸಿಕೊಳ್ಳುತ್ತದೆ. 96,000 ರಾಣಿಯರೆಂಬ ಪುರಾಣದ ಉತ್ಪ್ರೇಕ್ಷೆ ಇಂಥ ಸರಸದಲ್ಲಿ ಮನೆಮಾತಾಗುತ್ತದೆ. ಇಷ್ಟರ ನಡುವೆಯೂ ಭರತ ಕಣ್ಣು ಮುಚ್ಚಿದರೆ ಆತ್ಮಧ್ಯಾನ. ಭೋಗ ಬಿಟ್ಟೇ ಯೋಗ ಹಿಡಿಯಬೇಕಿಲ್ಲ ಎಂಬ ತತ್ತ್ವವನ್ನು ಕವಿ ವಾದಿಸುವುದಿಲ್ಲ, ಭರತನ ಬದುಕಿನಲ್ಲೇ ತೋರಿಸುತ್ತಾನೆ.

ಸಾರ್ವಜನಿಕ ಜೀವನದ ಚಿತ್ರಣ ಇಷ್ಟು ಗಟ್ಟಿಯಲ್ಲ. 941ರ ‘ಆದಿಪುರಾಣ’ದಲ್ಲಿ ಪಂಪನ ಭರತ ತಮ್ಮ ಬಾಹುಬಲಿಗೆ ಮೂರು ಯುದ್ಧಗಳಲ್ಲಿ ಸೋತು, ಸಿಟ್ಟಿನಲ್ಲಿ ಚಕ್ರ ಪ್ರಯೋಗಿಸಿ ತಲೆತಗ್ಗಿಸುತ್ತಾನೆ. ರತ್ನಾಕರ ಆ ಯುದ್ಧಗಳನ್ನೇ ಕೈಬಿಟ್ಟ. ಅವನ ಭರತ ಮಾತಿನಿಂದಲೇ ಬಾಹುಬಲಿಯನ್ನು ಗೆಲ್ಲುತ್ತಾನೆ. ಅರಸ ವೀರಪಾಂಡ್ಯ 1432ರಲ್ಲಿ ಬೆಟ್ಟದ ಮೇಲೆ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದ ಕಾರ್ಕಳದ ಆಸುಪಾಸಿನಲ್ಲೇ ಅಣ್ಣನ ಪಕ್ಷ ಹಿಡಿದದ್ದು ಸಣ್ಣ ಧೈರ್ಯವಲ್ಲ. ಆದರೆ ಅದಕ್ಕೆ ತೆತ್ತ ಬೆಲೆ ದೊಡ್ಡದು. ಸೋಲನ್ನೇ ಕಾಣದ ಭರತನಿಗೆ ಅಧಿಕಾರದಾಸೆ ಕಾಡುವುದಿಲ್ಲ; ರಾಜ್ಯ ಕಟ್ಟುವವನ ಕೈಗೆ ಅಂಟುವ ಕೊಳೆಯೂ ಕಾಣುವುದಿಲ್ಲ. ದಿಗ್ವಿಜಯ ಹಲವೆಡೆ ಮೆರವಣಿಗೆಯಾಗಿಬಿಡುತ್ತದೆ.

ಉಳಿದ ವಿಜಯಗಳಲ್ಲಿ ವೈರಾಗ್ಯದ ಉಪದೇಶ ಹೆಚ್ಚಿ ಕಥೆ ಸಡಿಲಗೊಳ್ಳುತ್ತದೆ. ಭರತನ ಮುಕ್ತಿಯಾದ ಮೇಲೆ ಬರುವ, ಅವನ ಮಗನ ಹೆಸರಿನ ಅರ್ಕಕೀರ್ತಿ ವಿಜಯ ಬಾಲದಂತೆ ಉಳಿಯುತ್ತದೆ. ಇಷ್ಟು ಉದ್ದದ ಕೃತಿಯನ್ನು ಓದಿಸಿಕೊಂಡು ಹೋಗುವುದು ಅದರ ಭಾಷೆ. ಹಾಡಲು ಒಗ್ಗುವ ಸಾಂಗತ್ಯ, ಆಡುಮಾತಿಗೆ ಹತ್ತಿರದ ನಡುಗನ್ನಡ ಇವೆರಡೂ ಚಕ್ರವರ್ತಿಯನ್ನು ಕೇಳುಗರ ಜಗಲಿಗೆ ತರುತ್ತವೆ. ಅರಸುತನದ ಒಳಸಂಕಟಕ್ಕೆ ಪಂಪನನ್ನೇ ಓದಬೇಕು. ಅರಸನ ಮನೆಬದುಕನ್ನು ಇಷ್ಟು ವಿಸ್ತಾರವಾಗಿ, ಇಷ್ಟು ಅಕ್ಕರೆಯಿಂದ ಬರೆದ ಹಳೆಯ ಕನ್ನಡ ಕವಿಗಳಲ್ಲಿ ರತ್ನಾಕರನ ಸ್ಥಾನ ಮುಂಚೂಣಿಯದು.