ಉಳಿ ಕಾಯಿಸಿದವರು ಕಥೆಯಲ್ಲಿಲ್ಲ

ಮುಳಬಾಗಿಲು ಪಕ್ಕದ ಕುರುಡುಮಲೆಯಲ್ಲಿ 13 ಅಡಿಗೂ ಎತ್ತರದ ಏಕಶಿಲಾ ಗಣಪನಿಗೆ ಕೈಮುಗಿದು ಸೋಮೇಶ್ವರನ ಗುಡಿಗೆ ಬಂದರೆ ಒಂದು ಕಥೆ ಕಾದಿರುತ್ತದೆ: ಗುಡಿಯ ಅರ್ಧ ಶಿಲ್ಪಿ ಜಕಣಾಚಾರಿಯದು, ಉಳಿದರ್ಧ ಮಗ ಡಂಕಣನದು. ಎರಡು ಕೈಗಳ ಕೆಲಸದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ ಎಂದು ಊರವರು ಗೋಡೆ ತೋರಿಸುತ್ತಾರೆ.

ಕಥೆಯ ಮುಖ್ಯ ಘಟನೆ ನಡೆಯುವುದು ದೂರದ ಬೇಲೂರಿನಲ್ಲಿ. ಅಪ್ಪ ಕೆತ್ತಿದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ ಹುಡುಗ ಡಂಕಣ. ಗಂಧ ಬಳಿದು ನೋಡಿದರೆ ಮೈಯೆಲ್ಲ ಒಣಗುತ್ತದೆ, ಹೊಕ್ಕುಳ ಸುತ್ತ ಮಾತ್ರ ತೇವ. ಅಲ್ಲಿ ಉಳಿ ಇಟ್ಟರೆ ನೀರಿನೊಂದಿಗೆ ಕಪ್ಪೆ ಹೊರಬರುತ್ತದೆ. ಸೋತ ಅಪ್ಪ ಬಲಗೈ ಕತ್ತರಿಸಿಕೊಳ್ಳುತ್ತಾನೆ. ತುಮಕೂರು ಬಳಿಯ ಕೈದಾಳದಲ್ಲಿ ಚೆನ್ನಕೇಶವನ ಕೃಪೆಯಿಂದ ಅದು ಮರಳುತ್ತದೆ. 1964ರಲ್ಲಿ ಇದೇ ಕಥೆ ಕಲ್ಯಾಣ್ ಕುಮಾರ್ ಅಭಿನಯದಲ್ಲಿ ಬಣ್ಣದ ಸಿನಿಮಾ ಆಯಿತು. ಹೊಯ್ಸಳ ಗುಡಿಗಳಲ್ಲಿ ಶಿಲ್ಪಿಗಳಾದ ದಾಸೋಜ, ಚಾವಣ, ಮಲ್ಲಿತಮ್ಮರ ಹೆಸರುಗಳು ಕಲ್ಲಿನ ಮೇಲೇ ಇವೆ. ಜನರ ಬಾಯಲ್ಲಿ ಉಳಿದವನು ಮಾತ್ರ ಜಕಣ.

ಆ ಗಂಧದ ಪರೀಕ್ಷೆ ಕಥೆಯ ಅತ್ಯುತ್ತಮ ಭಾಗ. ಅಲ್ಲಿ ಕಸುಬಿನ ಬುದ್ಧಿ ಇದೆ, ಹಿರಿಯನ ಕೆಲಸವನ್ನು ಕಿರಿಯ ಪ್ರಶ್ನಿಸಬಹುದೆಂಬ ಧೈರ್ಯವಿದೆ. ಆಮೇಲೆ ಕೈ ಕಡಿದುಕೊಳ್ಳುವ ಭಾವಾವೇಶ, ದೇವರ ವರ. ಕೆಲಸ ಹಿಂದೆ ಸರಿಯುತ್ತದೆ.

ಐರ್ಲೆಂಡಿನ ಪುರಾಣದಲ್ಲೂ ಕಳೆದುಹೋದ ಕೈಯೊಂದಿದೆ. ರಾಜ ನುವಾದ ಯುದ್ಧದಲ್ಲಿ ಕೈ ಕಳೆದುಕೊಂಡಾಗ ವೈದ್ಯ ದಿಯಾನ್ ಕೇಖ್ತನೂ ಕಂಚುಗಾರ ಕ್ರೆದ್ನೆಯೂ ಕೂಡಿ ಬೆಳ್ಳಿಯ ಕೈ ಮಾಡಿಕೊಡುತ್ತಾರೆ. ನಮ್ಮಲ್ಲಿ ಕುಶಲಿಗೆ ದೇವರು ಕೈ ಕೊಟ್ಟ. ಅಲ್ಲಿ ಕುಶಲಿಗಳೇ ದೇವರು, ಅವರೇ ರಾಜನಿಗೆ ಕೈ ಕೊಟ್ಟರು.

ಅದೇ ಪುರಾಣದ ಮೊಯ್ ತುರಾ ಯುದ್ಧದ ಕಥೆಯಲ್ಲಿ ಕಮ್ಮಾರ ದೇವ ಗೊಯ್ಬ್ನಿಯು ಮೂರೇ ಏಟಿಗೆ ಈಟಿಯ ಅಲಗು ತೆಗೆಯುತ್ತಾನೆ. ಬಡಗಿ ಲುಖ್ತ ಮೂರು ಸಲ ಕೆತ್ತಿ ಹಿಡಿ ಮಾಡುತ್ತಾನೆ. ಮೊಳೆ ಕ್ರೆದ್ನೆಯದು. ಮೂವರ ಕೆಲಸ ಕೂಡದೆ ಒಂದು ಈಟಿಯೂ ಆಗದು. ಗುಟ್ಟು ತಿಳಿಯಲು ಬಂದ ರುವಾದಾನ್ ಎಂಬ ತರುಣ ಅದೇ ಕುಲುಮೆಯ ಈಟಿಯಿಂದ ಗೊಯ್ಬ್ನಿಯುವನ್ನು ತಿವಿಯುತ್ತಾನೆ. ಗೊಯ್ಬ್ನಿಯು ಅದನ್ನೇ ಕಿತ್ತು ತಿರುಗಿಸಿ ಹೊಡೆಯುತ್ತಾನೆ. ಸತ್ತ ಮಗನಿಗಾಗಿ ತಾಯಿ ಬ್ರೀಗ್ ಅತ್ತದ್ದೇ ಆ ನಾಡಿನ ಮೊದಲ ಶೋಕದ ಹಾಡು ಎನ್ನುತ್ತದೆ ಕಥೆ.

ಈ ಕಥೆಯನ್ನು ಬರೀ ಹೊಗಳಿ ಬಿಡುವಂತಿಲ್ಲ. ಈ ಕುಲುಮೆಯಲ್ಲಿ ಆಯುಧ ಬಿಟ್ಟರೆ ಬೇರೇನೂ ಕಾಯುವುದಿಲ್ಲ. ಒಂದು ಕುಡುಗೋಲಿಲ್ಲ, ಒಂದು ಗುಳವಿಲ್ಲ. ಆದರೂ ಕೆಲಸ ಕೈಯಿಂದ ಕೈಗೆ ದಾಟುವ ಬಗೆಯನ್ನು ಅದು ಮರೆಯುವುದಿಲ್ಲ.

ನಮ್ಮಲ್ಲಿ ಆ ತಿಳಿವಳಿಕೆ ಇರಲಿಲ್ಲವೇ? ಇತ್ತು. ಋಗ್ವೇದದಲ್ಲಿ ಇಂದ್ರನ ವಜ್ರ ಮಾಡಿಕೊಟ್ಟವನು ತ್ವಷ್ಟೃ. ವಿಶ್ವಕರ್ಮರ ಪಾಂಚಾಳ ಪರಂಪರೆಯಲ್ಲಿ ಕಮ್ಮಾರ, ಬಡಗಿ, ಕಂಚುಗಾರ, ಶಿಲ್ಪಿ, ಅಕ್ಕಸಾಲಿ ಐವರೂ ಒಂದೇ ಮೂಲದವರು. ಆ ಐವರ ಪಟ್ಟಿಯಲ್ಲಿ ಮೊದಲಿಗ ಕಬ್ಬಿಣದ ಕೆಲಸದ ಮನು. ಕನ್ನಡದ ಕಮ್ಮಾರ ತೆಲುಗಿನಲ್ಲಿ ಕಮ್ಮರಿಯಾಗುವ ರಾಯಲ್ಪಾಡಿನಂಥ ಗಡಿಸೀಮೆಯಲ್ಲಿ ನೇಗಿಲ ಗುಳ ಹಣಿಯುವವನಿಗೆ ಈ ವಂಶಾವಳಿ ಹೊಸದಲ್ಲ. ಇಂಥ ಪರಂಪರೆಯ ನಡುವೆಯೇ ಹುಟ್ಟಿದ ಜಕಣನ ಕಥೆ ಐವರಲ್ಲಿ ಒಬ್ಬನನ್ನಷ್ಟೇ ಆರಿಸಿಕೊಂಡಿತು.

ಕಲ್ಲಿನಲ್ಲೂ ಲೋಹದಲ್ಲೂ ವಿಗ್ರಹ ಮಾಡುವ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋದರೆ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಗಟ್ಟಿಕಲ್ಲಿನ ಮೇಲೆ ಉಳಿಯ ಮೊನೆ ಬೇಗ ಮೊಂಡಾಗುತ್ತದೆ. ಅದನ್ನು ಮತ್ತೆ ಕೆಂಪಗೆ ಕಾಯಿಸಿ, ಬಡಿದು, ನೀರಿಗದ್ದಿ ಹದ ಕೊಡಬೇಕು. ಹದ ಹೆಚ್ಚಾದರೆ ಮೊನೆ ಮುರಿಯುತ್ತದೆ, ಕಡಿಮೆಯಾದರೆ ಮಡಿಚಿಕೊಳ್ಳುತ್ತದೆ. ಕುರುಡುಮಲೆಯ ಗೋಡೆಯ ಮುಂದೆ ಅಪ್ಪ ಮಗನ ಉಳಿಗಳನ್ನು ಹೋಲಿಸುವ ಕಥೆಯಲ್ಲಿ ತಿದಿ ಒತ್ತುವ ಸದ್ದು ಒಮ್ಮೆಯೂ ಕೇಳುವುದಿಲ್ಲ.