ಕಪ್ಪೆಯ ಹೊಟ್ಟೆಯಲ್ಲಿ ವಜ್ರ

ಕತೆ ಏನು ಎಂದು ಕೇಳಿದರೆ ಹೇಳುವುದು ಕಷ್ಟ. ಅಜ್ಮೇರಿನಲ್ಲಿ ಓಂ ಎಂಬ ಹುಡುಗ. ಉಸಿರು ಬಿಗಿಹಿಡಿದು ನೀರೊಳಗೆ ಬಹಳ ಹೊತ್ತು ಇರಬಲ್ಲ. ಅಪ್ಪ ಬಾಬೂಜಿ, ಸರ್ಕಾರಿ ನೌಕರಿ ಬಿಟ್ಟು ಜಾತಕ ನೋಡುತ್ತಾ ಕೂತವರು. ಅಕ್ಕ ಗಾಯತ್ರಿ ಟಾಕೀಸಿನಲ್ಲಿ ಗಂಡಸರ ಕಡೆಗೇ ಹೋಗಿ ಕೂರುವವಳು. ಆಮೇಲೆ ಕಪ್ಪೆಗಳು ಬರುತ್ತವೆ, ಅವುಗಳ ಹೊಟ್ಟೆಯಲ್ಲಿ ವಜ್ರ. ನಡುವೆ ಪುಷ್ಕರದ ಬ್ರಹ್ಮನೂ ನುಸುಳುತ್ತಾನೆ. ಇದು ಕಮಲ್ ಸ್ವರೂಪ್ 1988ರಲ್ಲಿ ಮಾಡಿದ ಹಿಂದಿ ಚಿತ್ರ, 'ಓಂ ದರ್-ಬ-ದರ್'.

ದುಡ್ಡು ಹಾಕಿದ್ದು ಸರ್ಕಾರದ್ದೇ ಆದ ಚಲನಚಿತ್ರ ನಿಗಮ ಎನ್‌ಎಫ್‌ಡಿಸಿ. ಚಿತ್ರ ಬರ್ಲಿನ್ ಉತ್ಸವಕ್ಕೆ ಹೋಯಿತು, ಫಿಲ್ಮ್‌ಫೇರ್ ವಿಮರ್ಶಕರ ಪ್ರಶಸ್ತಿಯನ್ನೂ ಪಡೆಯಿತು. ಥಿಯೇಟರಿಗೆ ಮಾತ್ರ ಬರಲಿಲ್ಲ. ಮಸುಕು ಮಸುಕಾದ ವಿಡಿಯೊ ನಕಲುಗಳಲ್ಲಿ ಕೈಯಿಂದ ಕೈಗೆ ಓಡಾಡಿಕೊಂಡಿದ್ದು, ಕೊನೆಗೆ ಪ್ರಿಂಟು ಸರಿಪಡಿಸಿ ತೆರೆಗೆ ಬಂದದ್ದು 2014ರ ಜನವರಿಯಲ್ಲಿ. ಸ್ವರೂಪ್ ಅವರು ಅಟೆನ್‌ಬರೋ ಅವರ 'ಗಾಂಧಿ'ಗೆ ಸಹಾಯಕರಾಗಿ ದುಡಿದವರು ಎಂಬುದು ನನಗೆ ಈಗಲೂ ತಮಾಷೆಯಾಗಿ ಕಾಣುತ್ತದೆ. ಒಂದೊಂದೇ ಘಟನೆಯನ್ನು ಬಿಡಿಸಿ ತಿಳಿಸುತ್ತಾ ಸಾಗುವ ಆ ಚಿತ್ರವೆಲ್ಲಿ, ಇದೆಲ್ಲಿ!

ಇಂಥ ಚಿತ್ರಗಳ ಅಭಿಮಾನಿಗಳಲ್ಲಿ ಒಂದು ಚಟವಿದೆ: ಕಪ್ಪೆ ಎಂದರೆ ಏನು, ವಜ್ರ ಯಾವುದರ ಸಂಕೇತ ಎಂದು ಕೀಲಿಕೈ ಹುಡುಕುವುದು. ನನ್ನ ಮಟ್ಟಿಗೆ ಅದು ವ್ಯರ್ಥ ಶ್ರಮ. ಓಂನ ತಲೆಯೊಳಗೆ ಶಾಲೆಯ ವಿಜ್ಞಾನ, ರೇಡಿಯೊ, ಜಾಹೀರಾತು, ಪುರಾಣ, ಸಿನಿಮಾ ಹಾಡು ಎಲ್ಲವೂ ಒಟ್ಟಿಗೇ ಸುರಿದಿವೆ; ಯಾವುದು ಮೇಲು, ಯಾವುದು ಸುಳ್ಳು ಎಂದು ಹೇಳಿಕೊಡುವವರಿಲ್ಲ. ಜಗಲಿಯಲ್ಲಿ ದೊಡ್ಡವರು ಆಡುವ ಮಾತನ್ನು ಮಗು ಅರೆನಿದ್ದೆಯಲ್ಲಿ ಕೇಳಿಸಿಕೊಂಡಂತೆ ಚಿತ್ರ ನಮ್ಮನ್ನು ತಾಕುತ್ತದೆ. ಮಾತಿಗೆ ಮಾತು ಹೊಂದುವುದಿಲ್ಲ, ಆದರೆ ದನಿಗಳೆಲ್ಲ ಪರಿಚಿತ. ಸಣ್ಣ ಊರಿನಲ್ಲಿ ಬೆಳೆದವರಿಗೆ ಇದು ವಾಸ್ತವವಾದಿ ಚಿತ್ರವೆಂದೇ ಅನಿಸಿದರೂ ಆಶ್ಚರ್ಯವಿಲ್ಲ. ರಜತ್ ಧೋಲಕಿಯಾ ಅವರ ಸಂಗೀತವಂತೂ ಅರ್ಥಕ್ಕೆ ಕಾಯದೆ ಕುಣಿಸುತ್ತದೆ.

ಅರ್ಥವಾಗದ್ದೆಲ್ಲ ಶ್ರೇಷ್ಠ ಎಂದು ನಾನು ಹೇಳುತ್ತಿಲ್ಲ. ಹಾಗೆ ನಂಬಿಸಲು ಹೊರಟ ಚಿತ್ರಗಳು ಬೇಕಾದಷ್ಟಿವೆ. ಅವು ನಗುವುದಿಲ್ಲ, ನಗಿಸುವುದೂ ಇಲ್ಲ. ಇಲ್ಲಿ ಪೋಲಿತನವಿದೆ, ಚೇಷ್ಟೆಯಿದೆ. ಕಪ್ಪೆಗಳ ಪ್ರಕರಣ ಸ್ವಲ್ಪ ಎಳೆದಂತಾಯಿತು ಎಂಬ ತಕರಾರು ನನ್ನದೂ ಹೌದು.

ನೋಡುವುದಾದರೆ ಫೋನಿನಲ್ಲಿ ಬೇಡ, ಒಬ್ಬರೇ ಬೇಡ. ನಾಲ್ಕು ಜನ ಕೂತು, ದನಿ ಜೋರಾಗಿಟ್ಟು ನೋಡಿ. ಕತೆಯ ಸಾರಾಂಶವನ್ನು ಮೊದಲೇ ಓದಿಕೊಂಡು ಹೋಗಬೇಡಿ. ನಾನು ಮೇಲೆ ಹೇಳಿದಷ್ಟೇ ಹೆಚ್ಚಾಯಿತು.