ಚುಕ್ಕೆಯ ಅಂಚು

ಗಿಡ ಬೆಳೆಸುವವರಿಗೆ ಕಲೆಯಿಲ್ಲದ ಎಲೆಯ ಮೇಲೆ ವಿಪರೀತ ಮೋಹ. ನರ್ಸರಿಯಲ್ಲಿ ಒಂದು ಕಂದು ಚುಕ್ಕೆ ಕಂಡರೆ ಸಾಕು, ಕೈಗೆತ್ತಿಕೊಂಡ ಕುಂಡ ಮತ್ತೆ ಸಾಲಿಗೆ ಹೋಗುತ್ತದೆ. ಎಲೆಚುಕ್ಕೆಗಳಲ್ಲಿ ಬಹುಪಾಲು ರೋಗಾಣುವಿನ ಕೆಲಸವೇ, ನಿಜ. ಆದರೆ ಕೆಲವನ್ನು ಮಾಡಿಕೊಂಡದ್ದು ಸ್ವತಃ ಗಿಡ: ಒಳನುಗ್ಗಿದ ರೋಗಾಣುವಿನ ಸುತ್ತಲಿನ ತನ್ನದೇ ಜೀವಕೋಶಗಳನ್ನು ಅದು ಕೊಂದಿರುತ್ತದೆ. ಸಸ್ಯರೋಗ ತಜ್ಞರು ಇದನ್ನು ಅತಿಸಂವೇದಿ ಪ್ರತಿಕ್ರಿಯೆ ಎನ್ನುತ್ತಾರೆ. ಜನಪ್ರಿಯ ಬರಹಗಳು ಕೋಶಗಳ ಬಲಿದಾನವೆಂದು ಕೊಂಡಾಡುತ್ತವೆ. ಆ ಹೊಗಳಿಕೆ ತಪ್ಪು ಜಾಗಕ್ಕೆ ಸಲ್ಲುತ್ತಿದೆ ಎಂಬುದು ನನ್ನ ವಾದ. ಕೊಲ್ಲುವುದರಲ್ಲಿ ಅಂಥ ಹೆಚ್ಚುಗಾರಿಕೆಯೇನೂ ಇಲ್ಲ. ಶುರುವಾದ ಸಾವನ್ನು ಹತ್ತು ಕೋಶಗಳ ಆಚೆ ನಿಲ್ಲಿಸುವುದಿದೆಯಲ್ಲ, ಅಲ್ಲಿದೆ ಗಿಡದ ನಿಜವಾದ ಕಸುಬು.

ಹೊಗೆಸೊಪ್ಪಿನ ಉದಾಹರಣೆಯನ್ನೇ ನೋಡಿ. ಮೊಸಾಯಿಕ್ ವೈರಸ್ ಇರುವ ರಸವನ್ನು ಸಾಮಾನ್ಯ ತಳಿಯ ಎಲೆಗೆ ಉಜ್ಜಿದರೆ ರೋಗ ಗಿಡದ ತುಂಬ ಹರಡಿ ಎಲೆಗಳು ಹಸಿರು-ಹಳದಿ ತೇಪೆಗಳಾಗುತ್ತವೆ. ನಿಕೋಟಿಯಾನಾ ಗ್ಲುಟಿನೋಸಾ ಎಂಬ ಕಾಡು ಬಂಧುವಿನಲ್ಲಿ ಹಾಗಾಗುವುದಿಲ್ಲ. ಉಜ್ಜಿದ ಕಡೆ ಎರಡು ಮೂರು ದಿನಗಳಲ್ಲಿ ಒಣಗಿದ ಸಣ್ಣ ಚುಕ್ಕೆಗಳೆದ್ದು ವೈರಸ್ ಅಲ್ಲಿಗೇ ಕಟ್ಟುಬೀಳುತ್ತದೆ. ಅಮೆರಿಕದ ಫ್ರಾನ್ಸಿಸ್ ಹೋಮ್ಸ್ 1929ರಲ್ಲಿ ಈ ಚುಕ್ಕೆಗಳನ್ನು ಎಣಿಸಿಯೇ ರಸದಲ್ಲಿರುವ ವೈರಸ್ಸಿನ ಪ್ರಮಾಣ ಅಂದಾಜು ಮಾಡುವ ವಿಧಾನ ತೋರಿಸಿದರು. ಇದರ ಹಿಂದಿರುವ ಎನ್ ಎಂಬ ವಂಶವಾಹಿಯನ್ನು ಆಮೇಲೆ ಸಂಕರದ ಮೂಲಕ ಬೇಸಾಯದ ಹೊಗೆಸೊಪ್ಪಿಗೂ ತಂದರು. ಸ್ವಾರಸ್ಯವಿರುವುದು ಇದರ ದೌರ್ಬಲ್ಯದಲ್ಲಿ. ಉಷ್ಣತೆ 28 ಡಿಗ್ರಿ ದಾಟಿದರೆ ಎನ್ ಕೈಚೆಲ್ಲುತ್ತದೆ. ಚುಕ್ಕೆಯೂ ಇಲ್ಲ, ತಡೆಯೂ ಇಲ್ಲ, ವೈರಸ್ ಸದ್ದಿಲ್ಲದೆ ಗಿಡವೆಲ್ಲ ಹಬ್ಬುತ್ತದೆ. ಆಗ ಅದೇ ಗಿಡವನ್ನು ತಂಪಿಗೆ ತಂದಿಟ್ಟರೆ ಎನ್ ಎಚ್ಚೆತ್ತು, ವೈರಸ್ ಹೊಕ್ಕ ಕೋಶಗಳನ್ನೆಲ್ಲ ಒಟ್ಟಿಗೇ ಕೊಲ್ಲತೊಡಗುತ್ತದೆ, ಗಿಡವೇ ಕುಸಿಯುತ್ತದೆ. ವಂಶವಾಹಿ ಅದೇ, ವೈರಸ್ಸೂ ಅದೇ. ಬದಲಾದದ್ದು ವೇಳೆ ಮತ್ತು ವಿಸ್ತಾರ ಮಾತ್ರ.

ಇದು ಗಿಡದ ಯೋಜನೆಯೆಂದು ಏಕೆ ನಂಬಬೇಕು, ರೋಗಾಣುವಿನ ಏಟಿಗೆ ಕೋಶ ಸತ್ತಿದೆಯಷ್ಟೆ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಜಪಾನಿನ ಸಂಶೋಧಕರು 2004ರಲ್ಲಿ ಕೊಟ್ಟ ಉತ್ತರ ನನಗೆ ಸಾಕು. ಗಿಡದ ಕೋಶದೊಳಗಿನ ರಸದಾನಿಯಲ್ಲಿ ಒಂದು ಕಿಣ್ವವಿದೆ. ಅದನ್ನು ಹತ್ತಿಕ್ಕಿದ ಗಿಡಗಳಲ್ಲಿ ರಸದಾನಿ ಒಡೆಯಲಿಲ್ಲ, ವೈರಸ್ ಬಂದರೂ ಚುಕ್ಕೆ ಏಳಲಿಲ್ಲ. ವೈರಸ್ಸೇ ಕೊಲೆಗಾರನಾಗಿದ್ದರೆ ಗಿಡದ ಒಂದು ಕಿಣ್ವ ಇಲ್ಲವಾದ ಮಾತ್ರಕ್ಕೆ ಸಾವು ತಪ್ಪಬೇಕಿರಲಿಲ್ಲ. ಇನ್ನು ತಡೆಯುವ ಕಡೆಗೆ ಬಂದರೆ, ಸಾಸಿವೆಯ ಬಂಧುವಾದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಕಳೆಯಲ್ಲಿ ಎಲ್‌ಎಸ್‌ಡಿ1 ಎಂಬ ವಂಶವಾಹಿ ಇದೆ. ಅದು ಕೆಟ್ಟ ಗಿಡಗಳ ವರದಿ ಬಂದದ್ದು 1994ರಲ್ಲಿ. ಅವುಗಳಲ್ಲಿ ಸಾವು ಒಂದು ಚುಕ್ಕೆಯಾಗಿ ಶುರುವಾಗಿ ಎಲ್ಲೂ ನಿಲ್ಲದೆ ಇಡೀ ಎಲೆಯನ್ನು ನುಂಗುತ್ತದೆ. ಅಂದರೆ ಅಂಚು ತಾನಾಗಿ ಮೂಡುವುದಿಲ್ಲ. ಅದನ್ನು ಕಾಯುವ ವ್ಯವಸ್ಥೆ ಬೇರೆಯೇ ಇದೆ. ಅದರ ಇನ್ನೊಂದು ಭಾಗ ಸ್ಯಾಲಿಸಿಲಿಕ್ ಆಮ್ಲಕ್ಕೆ ಸಂಬಂಧಿಸಿದ್ದು. ಕೋಶಗಳನ್ನು ಉಳಿಸುವ ಎನ್‌ಪಿಆರ್1 ಎಂಬ ಪ್ರೋಟೀನ್ ಈ ಆಮ್ಲ ತೀರಾ ಹೆಚ್ಚಾದ ನಡುಭಾಗದಲ್ಲಿ ನಾಶವಾಗುತ್ತದೆ, ಅಲ್ಲಿನ ಕೋಶಗಳು ಸಾಯುತ್ತವೆ. ಆಮ್ಲ ಮಿತವಾಗಿರುವ ಸುತ್ತಲಲ್ಲಿ ಅದೇ ಪ್ರೋಟೀನ್ ಉಳಿದು ಕೋಶಗಳು ಬದುಕುತ್ತವೆ, ರಕ್ಷಣೆಗೂ ಸಜ್ಜಾಗುತ್ತವೆ. 2012ರಲ್ಲಿ ಪ್ರಕಟವಾದ ಈ ವಿವರಣೆ ಎಷ್ಟು ಚೊಕ್ಕಟವೆಂದರೆ, ಒಂದೇ ರಾಸಾಯನಿಕದ ಏರಿಳಿತದಿಂದಲೇ ಗಡಿ ಬೀಳುತ್ತದೆ.

ಬೇಸಿಗೆಗೆ ಮುಂಚೆ ಅರಣ್ಯ ಸಿಬ್ಬಂದಿ ಬೆಂಕಿರೇಖೆ ಸುಡುತ್ತಾರಲ್ಲ, ಇದೂ ಹಾಗೆಯೇ ಎನ್ನಬಹುದಿತ್ತು. ಆದರೆ ಹೋಲಿಕೆ ಪೂರ್ತಿ ಕೂಡುವುದಿಲ್ಲ, ಏಕೆಂದರೆ ಸತ್ತ ಜಾಗವೇ ರೋಗಾಣುವನ್ನು ತಡೆಯಿತೆಂಬುದು ಅಷ್ಟು ಖಚಿತವಲ್ಲ. ಸಾವು ನಿರೋಧಕತೆಯ ಕಾರಣವೋ ಪರಿಣಾಮವೋ ಎಂದು ಹಂಗೇರಿಯ ವಿಜ್ಞಾನಿಗಳು 1972ರಲ್ಲೇ ಕೇಳಿದ್ದರು. ಆಲೂಗಡ್ಡೆಯ ಆರ್‌ಎಕ್ಸ್ ವಂಶವಾಹಿ ವೈರಸ್ಸನ್ನು ಎಷ್ಟು ಬೇಗ ಹಿಡಿಯುತ್ತದೆಂದರೆ ಒಂದು ಚುಕ್ಕೆಯೂ ಕಾಣುವುದಿಲ್ಲ. ಇದು ಗಟ್ಟಿಯಾದ ಆಕ್ಷೇಪ. ಸಾವೇ ಆಯುಧವೆಂದವರಿಗೆ ಇದರಿಂದ ತೊಂದರೆ. ನನ್ನ ವಾದಕ್ಕೆ ಬಲವೇ ಬರುತ್ತದೆ. ಬೇಗ ಗುರುತಿಸಿ ಹಿಡಿದ ಗಿಡಕ್ಕೆ ಕೊಲ್ಲುವ ಪ್ರಮೇಯವೇ ಬರುವುದಿಲ್ಲ.

ಹತೋಟಿಯ ಬೆಲೆ ತಿಳಿಯುವುದು ಅದನ್ನು ಶತ್ರು ಕೈವಶ ಮಾಡಿಕೊಂಡಾಗ. 1940ರ ದಶಕದಲ್ಲಿ ಅಮೆರಿಕದ ಓಟ್ಸ್ ಬೆಳೆಗಾರರು ತುಕ್ಕು ರೋಗ ತಡೆಯುವ ಗುಣವನ್ನು ವಿಕ್ಟೋರಿಯಾ ಎಂಬ ತಳಿಯಿಂದ ಪಡೆದ ಬೀಜ ಬಿತ್ತಿದರು. ತುಕ್ಕು ನಿಂತಿತು. ಕೆಲವೇ ವರ್ಷಗಳಲ್ಲಿ ಬೇರೊಂದು ಶಿಲೀಂಧ್ರ ಆ ಹೊಲಗಳನ್ನೇ ಹುಡುಕಿದಂತೆ ಹೊಕ್ಕಿತು. ಅದು ಸತ್ತ ಅಂಗಾಂಶವನ್ನು ತಿಂದು ಬದುಕುವ ಜಾತಿ. ವಿಕ್ಟೋರಿನ್ ಎಂಬ ವಿಷ ಸುರಿಸಿ ಗಿಡದ ಆತ್ಮಹತ್ಯೆಯನ್ನೇ ಪ್ರಚೋದಿಸುತ್ತಿತ್ತು. ತುಕ್ಕಿನಿಂದ ಕಾಯುವ ಗುಣವನ್ನೂ ಈ ರೋಗಕ್ಕೆ ಬಲಿಯಾಗುವ ಗುಣವನ್ನೂ ಬೇರ್ಪಡಿಸಲು ತಳಿ ತಜ್ಞರಿಂದ ಆಗಲೇ ಇಲ್ಲ. ಗುಲಾಬಿ, ಸ್ಟ್ರಾಬೆರಿಗಳ ಬೂದುಬಣ್ಣದ ಬೂಷ್ಟಿಗೂ ಗಿಡದ ಈ ಸ್ವಹತ್ಯೆಯಿಂದ ಲಾಭವೇ.

ಹಾಗಾಗಿ ಎಲೆ ನೋಡುವ ಹವ್ಯಾಸಿಗೆ ಚುಕ್ಕೆಗಳ ಲೆಕ್ಕಕ್ಕಿಂತ ಅವುಗಳ ಸ್ವರೂಪ ಹೆಚ್ಚು ಹೇಳುತ್ತದೆ. ಕಾಫಿ ಗಿಡ ಇದಕ್ಕೆ ಒಳ್ಳೆಯ ಪಾಠ. ಎಲೆ ತುಕ್ಕನ್ನು ತಡೆಯಬಲ್ಲ ಗಿಡದಲ್ಲಿ ರೋಗಾಣು ಹೊಕ್ಕ ಕಡೆ ಸಣ್ಣ ಮಾಸಲು ಬೊಟ್ಟುಗಳು ಮಾತ್ರ ಬೀಳಬಹುದು. ತಡೆಯಲಾರದ್ದರಲ್ಲಿ ಎಲೆಯ ಅಡಿ ಕಿತ್ತಳೆ ಪುಡಿ ಏಳುತ್ತದೆ. ತುಕ್ಕು ತಡೆಯುತ್ತದೆಂದು ಹೆಸರಾಗಿದ್ದ ಕೆಂಟ್ ಕಾಫಿ ಮುಂದೆ ಸೋತಿತು. ಅದೇ ತುಕ್ಕಿನಲ್ಲಿ ಬೇರೆ ಬೇರೆ ಪ್ರಭೇದಗಳಿವೆ ಎಂದು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಡಬ್ಲ್ಯು. ಡಬ್ಲ್ಯು. ಮೇಯ್ನ್ 1930ರ ದಶಕದಲ್ಲಿ ತೋರಿಸಿದರು. ಕೆಂಟ್ ಗಿಡದ ಕೊಲ್ಲುವ ಯಂತ್ರ ಕೆಟ್ಟಿರಲಿಲ್ಲ; ಹೊಸ ಪ್ರಭೇದದ ಗುರುತು ಅದಕ್ಕೆ ಸಿಗಲಿಲ್ಲ, ಅಷ್ಟೆ. ಅಂಥ ಎಲೆ ಮೊದಮೊದಲು ನೋಡಲು ಬಲು ಚೆನ್ನಾಗಿಯೇ ಇರುತ್ತದೆ. ಭೂತಗನ್ನಡಿ ಹಿಡಿಯುವವರು ಅದನ್ನು ಮಗುಚಿ ಅಡಿಭಾಗ ನೋಡುವುದೇ ವಾಸಿ.